ಗಾಜಿಗಂಟಿದ ಅರಿಶಿನ

ನನ್ನ ಅತ್ತೆ ದೇವಿರಮ್ಮನವರಿಗೆ ಸುಮ್ಮನೆ ಕೂತವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಮನೆಗೆ ಬಂದ ನೆಂಟರೇ ಆಗಲಿ, ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ ಒಂದು ಗಳಿಗೆ ಹೆಚ್ಚು ಕೂತರೆ ಅವರ ಮುಂದೆ ಮೊರ ತಂದಿಟ್ಟು ಅವರೆಕಾಯಿ ಸುರಿದುಬಿಡುತ್ತಿದ್ದರು. ನಾನು ಸೊಸೆಯಾಗಿ ಬಂದು ಇನ್ನೂ ಬಾಸಿಂಗದ ಗುರುತು ಹಣೆಯಿಂದ ಮಾಯವಾಗಿರಲಿಲ್ಲ, ನನಗೂ ಮೊರ ಬಂತು. "ಓದಿರೋ ಕೈ ಅಂತ ಸವೆದೋಗಲ್ಲ ಕಣಮ್ಮ, ಇಡ್ಕೊ" ಎಂದರು. ಇಂಥ ಹೆಂಗಸಿನಿಂದ ನನ್ನ ಪ್ರಯೋಗಾಲಯದ ಕೆಲಸ ಉಳಿಯಿತು ಎಂದರೆ ನನ್ನ ಜೊತೆ ದುಡಿದವರೇ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ನನಗೇನು? ನಾನು ಉಂಡ ಅನ್ನಕ್ಕೆ ಅವರ ಹೆಸರು ಹೇಳದೆ ಇನ್ಯಾರ ಹೆಸರು ಹೇಳಲಿ?

ಅವರದು ಕುಂಬಾರಕೊಪ್ಪಲು. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ, ಊರಲ್ಲಿ ಎಲ್ಲರೂ ಬಾವುಟ, ಮೆರವಣಿಗೆ ಅಂತ ಓಡಾಡುತ್ತಿದ್ದಾಗ, ಅವರ ಗಂಡ ಚಿಕ್ಕಯ್ಯ ಕೆರೆಯ ಪಕ್ಕದ ಗುಂಡಿಯಲ್ಲಿ ಮಡಕೆಮಣ್ಣು ತೆಗೆಯಲು ಹೋಗಿದ್ದವರು ಮೇಲೆ ಬರಲಿಲ್ಲ. ಮಳೆಗೆ ನೆಂದ ಅಂಚು ಕುಸಿದು ಅವರ ಮೇಲೆ ಬಿತ್ತು. ಆಗ ಅತ್ತೆಗೆ ಇನ್ನೂ ಹುಡುಗಿ ವಯಸ್ಸು, ಮಗ ಚೆಲುವರಾಜು ಅಂಗಳದಲ್ಲಿ ಆಡುವ ಎಂಟು ವರ್ಷದ ಹುಡುಗ. ತವರಿನವರು ಬಂದು ಕರೆದರು. "ಬಂದ್ರೆ ಇರೋಗಂಟ ಪಾತ್ರೆ ಉಜ್ಕೊಂಡಿರ್ಬೇಕು, ನಾನ್ ಬರಲ್ಲ" ಎಂದು ಕಳಿಸಿಬಿಟ್ಟರಂತೆ.

ತಿಗರಿ ಅಂದರೆ ಮಡಕೆ ತಿರುಗಿಸುವ ಚಕ್ರ. ಅದನ್ನು ಹೆಂಗಸರು ಮುಟ್ಟಬಾರದು ಎಂದು ಕೇರಿಯ ಕಟ್ಟು. ಸರಿ, ತಿಗರಿ ನಿಮಗೇ ಇರಲಿ ಎಂದು ಅತ್ತೆ ತಿಗರಿ ಬೇಡದ ಕೆಲಸ ಹಿಡಿದರು. ಕೈಯಲ್ಲೇ ಮಣ್ಣು ಮೆತ್ತಿ ಒಲೆ ಮಾಡುವುದು. ಒಂದು ಬಾಯಿನ ಒಲೆ, ಎರಡು ಬಾಯಿನ ಒಲೆ, ಪಕ್ಕದಲ್ಲಿ ಹಾಲು ಬೆಚ್ಚಗಿಡಲು ಗೂಡಿರುವ ಒಲೆ. ಒಂಟಿಕೊಪ್ಪಲಿನಲ್ಲಿ, ಲಕ್ಷ್ಮೀಪುರದಲ್ಲಿ ಎಷ್ಟೋ ಅಡುಗೆಮನೆಗಳಲ್ಲಿ ಅವರ ಒಲೆ ಉರಿಯುತ್ತಿತ್ತು. ಅದರಲ್ಲೇ ಮಗನನ್ನು ಓದಿಸಿದರು. ಅವನು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆದ. ಕೆಲಸ ಸಿಕ್ಕ ದಿನ ಕೇರಿಗೆಲ್ಲ ಸಕ್ಕರೆ ಹಂಚಿದ ಅತ್ತೆ, ಅವನು ಕಂಬ ಹತ್ತುವುದನ್ನು ಒಂದು ಸಲ ಕಣ್ಣಾರೆ ಕಂಡ ಮೇಲೆ ಅನ್ನ ಬಿಟ್ಟು ಮಲಗಿದ್ದರಂತೆ.

ನಮ್ಮದೂ ಮಣ್ಣಿನ ಕೆಲಸದ ಮನೆತನವೇ. ಬೋಗಾದಿಯಲ್ಲಿ ನಮ್ಮಪ್ಪ ತಿಗರಿ ಬಿಟ್ಟು ಬೇಸಾಯಕ್ಕೆ ಇಳಿದಿದ್ದರು. ಅಲ್ಲಿಂದ ನಡೆದುಕೊಂಡು ಬಂದು ನಾನು ಇಂಟರ್‌ಮೀಡಿಯೆಟ್ ಮುಗಿಸಿದೆ. ಆಮೇಲೆ ಪೇಟೆಯ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಸಂಶೋಧನೆಗೆ ಸಹಾಯಕಿಯಾಗಿ ಸೇರಿದೆ. ಕೆಲಸ ಏನೆಂದರೆ ಜೀವಕೋಶಗಳಿಗೆ ಬಣ್ಣ ಹಾಕುವುದು. ಬಣ್ಣ ಹಾಕುವ ಕೆಲಸ ಅಂದರೆ ನಮ್ಮೂರಿನವರು ಗೋಡೆಗೆ ಸುಣ್ಣ ಹೊಡೆಯುತ್ತೇನೆ ಅಂತಲೇ ತಿಳಿದಿದ್ದರು.

ಎಲೆಯಡಿಕೆ, ಹೊಗೆಸೊಪ್ಪು ಜಗಿಯುವ ಹೆಂಗಸರು ನಮ್ಮಲ್ಲಿಗೆ ಬರುತ್ತಿದ್ದರು. ಅವರ ಕೆನ್ನೆಯ ಒಳಭಾಗವನ್ನು ಮರದ ಚಪ್ಪಟೆ ಕಡ್ಡಿಯಿಂದ ಮೆಲ್ಲಗೆ ಕೆರೆದು, ಗಾಜಿನ ಪಟ್ಟಿಯ ಮೇಲೆ ಸವರಿ, ಸ್ಪಿರಿಟ್ಟಿನಲ್ಲಿ ಅದ್ದಿ, ಕೊನೆಗೆ ಆಕ್ರಿಡಿನ್ ಆರೆಂಜ್ ಎಂಬ ಬಣ್ಣದ ನೀರಿನಲ್ಲಿ ಇಡಬೇಕು. ಹಗಲಲ್ಲಿ ನೋಡಿದರೆ ಅದು ತೆಳ್ಳಗಿನ ಕಿತ್ತಳೆ ಶರಬತ್ತು, ಅಷ್ಟೇ. ಆದರೆ ಕತ್ತಲೆ ಕೋಣೆಯಲ್ಲಿ ಪಾದರಸದ ದೀಪ ಹಚ್ಚಿ, ಅದರ ನೀಲಿ ಬೆಳಕನ್ನು ಮಾತ್ರ ಗಾಜಿನ ಮೇಲೆ ಹಾಯಿಸಿ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟರೆ, ಅಯ್ಯಪ್ಪಾ! ಕರ್ರನೆಯ ಕತ್ತಲಲ್ಲಿ ಒಂದೊಂದು ಕೋಶವೂ ತಾನೇ ಹೊತ್ತಿಕೊಂಡು ಉರಿಯುತ್ತದೆ. ನಡುವಿನ ಬೀಜ ಹಸಿರು, ಸುತ್ತಲಿನದು ಕೆಂಡದ ಬಣ್ಣ. ಕೋಶ ದಾರಿ ತಪ್ಪಿ ಅತಿಯಾಗಿ ಬೆಳೆಯಲು ಹೊರಟಿದ್ದರೆ ಆ ಕೆಂಪು ಜೋರಾಗುತ್ತದೆ. ಬಾಯಲ್ಲಿ ಹುಣ್ಣು ಏಳುವುದಕ್ಕೆ ಮುಂಚೆಯೇ ಹೀಗೆ ಕ್ಯಾನ್ಸರಿನ ಸುಳಿವು ಸಿಗಬಹುದೇ ಎಂಬುದು ನಮ್ಮ ಪ್ರೊಫೆಸರರ ಹುಡುಕಾಟ. ಮೊದಲ ಸಲ ಅದನ್ನು ನೋಡಿದ ದಿನ ನಾನು ಬೋಗಾದಿಯ ತನಕ ನಡೆದದ್ದೇ ಗೊತ್ತಾಗಲಿಲ್ಲ. ಸಾಯುವ ತನಕ ಇದೇ ಕೆಲಸ ಮಾಡಬೇಕು ಅಂತ ಅವತ್ತೇ ಅಂದುಕೊಂಡೆ.

ಅರವತ್ತೊಂದರಲ್ಲಿ ಚೆಲುವರಾಜು ಅವರೊಡನೆ ನನ್ನ ಮದುವೆಯಾಯಿತು. ಕೆಲಸಕ್ಕೆ ಹೋಗುವುದಕ್ಕೆ ಅತ್ತೆ ಬೇಡ ಅನ್ನಲಿಲ್ಲ. ದುಡಿಯುವ ಹೆಂಗಸು ಅವರ ಕಣ್ಣಿಗೆ ಹೊಸದಲ್ಲವಲ್ಲ. ಅವರದು ಒಂದೇ ಕಟ್ಟುನಿಟ್ಟು, ಅರಿಶಿನದ್ದು. ದಿನಾ ಬೆಳಗ್ಗೆ ನಾನು ಏಳುವ ಹೊತ್ತಿಗೆ ಬಚ್ಚಲ ಗೂಡಿನಲ್ಲಿ ತೇದ ಅರಿಶಿನದ ಬಟ್ಟಲು ಇರುತ್ತಿತ್ತು. ಗಂಡ ಸತ್ತವರು ಅರಿಶಿನದ ಕೈ ಮಾಡಿಕೊಂಡರೆ ಕೇರಿಯವರು ಆಡಿಕೊಳ್ಳುತ್ತಾರೆಂದು, ಕೊಂಬಿಗೆ ಬಟ್ಟೆ ಸುತ್ತಿ, ಬೆರಳಿಗೆ ಸೋಕದ ಹಾಗೆ ತೇಯುತ್ತಿದ್ದರು. ನಾನು ಮುಖಕ್ಕೆ, ಕೈಗೆ, ಕಾಲಿಗೆ ಹಚ್ಚಿಕೊಂಡು ಬಂದರೆ ಎರಡೂ ಅಂಗೈ ತಿರುಗಿಸಿ ನೋಡುವರು. ತೆಳ್ಳಗಿದ್ದರೆ ವಾಪಸ್ಸು ಕಳಿಸುವರು. "ನನ್ ಮಗ ಕಂಬದ ಮ್ಯಾಲಿರ್ತಾನೆ ಕಣಮ್ಮ. ಜಿಪುಣತನ ಮಾಡ್ಬ್ಯಾಡ" ಎನ್ನುವರು. ಮಗನ ಉಸಿರು ನನ್ನ ಅಂಗೈಯ ಅರಿಶಿನದಲ್ಲಿದೆ ಎಂದು ಅವರು ನಂಬಿದ್ದರು. ನಿಜ ಹೇಳಬೇಕೆಂದರೆ ನಾನೂ ನಂಬಿದ್ದೆ.

ಮದುವೆಯಾಗಿ ಬಂದ ಮೇಲೆ ನನ್ನ ಗಾಜುಗಳು ಕೆಡತೊಡಗಿದವು. ಕಪ್ಪಾಗಿರಬೇಕಾದ ಹಿನ್ನೆಲೆಯಲ್ಲಿ ಹಳದಿ ಹಸಿರು ಮಂಜು. ಅಲ್ಲಲ್ಲಿ ಚುಕ್ಕಿ ಚುಕ್ಕಿ ಮಿಣುಕು. ಕೋಶದ ಹಸಿರು ಯಾವುದು, ಈ ಸುಡುಗಾಡು ಹಸಿರು ಯಾವುದು ಒಂದೂ ತಿಳಿಯದು. ಹೊಸದಾಗಿ ಬಣ್ಣ ಕಲಸಿದೆವು. ದೀಪ ಬದಲಾಯಿಸಿದೆವು. ಮಸೂರಗಳನ್ನು ಒರೆಸಿ ಒರೆಸಿ ಇಟ್ಟೆವು. ಹೋಗಲಿಲ್ಲ. ಜೊತೆಯಲ್ಲಿದ್ದ ಸುಂದರೇಶ ಎಂಬ ಸಂಶೋಧಕನ ಗಾಜು ಮಾತ್ರ ಕನ್ನಡಿ ಥರ ಸ್ವಚ್ಛ.

"ಮದುವೆಗೆ ಮುಂಚೆ ಸರ್ವಮಂಗಳಾ ಅವರ ಸ್ಲೈಡು ನೋಡಬೇಕಿತ್ತು ಸಾರ್. ಈಗ ಪಾಪ, ಮನಸ್ಸೆಲ್ಲ ಮನೇಲಿ" ಎಂದು ಅವನು ನನ್ನ ಮುಂದೆಯೇ ಪ್ರೊಫೆಸರಿಗೆ ಹೇಳಿ ನಕ್ಕ.

"ನಿಮ್ಮ ಮನಸ್ಸು ಎಲ್ಲಿರುತ್ತೆ ಅಂತ ನಾನು ಕೇಳಿದ್ದೀನೇನ್ರೀ?" ಎಂದುಬಿಟ್ಟೆ. ಪ್ರೊಫೆಸರು ನನ್ನ ಗಾಜುಗಳನ್ನು ಪಕ್ಕಕ್ಕೆ ಸರಿಸಿ ಅವನದನ್ನು ಕೈಗೆತ್ತಿಕೊಂಡರು. ಅದೇ ನನಗೆ ಹೆಚ್ಚು ನೋವಾಯಿತು.

ಕಾರಣ ಸಿಕ್ಕಿದ್ದು ಹೀಗೆ. ಕತ್ತಲೆ ಕೋಣೆಯಲ್ಲಿ ಗಾಜನ್ನು ಸರಿಮಾಡಲು ಕೈ ಚಾಚಿದೆ. ನೀಲಿ ಬೆಳಕಿಗೆ ಅಡ್ಡ ಬಂದ ನನ್ನ ಬೆರಳುಗಳು ಹಳದಿಯಾಗಿ ಹೊಳೆದವು. ನಾನು ಕೂಗಿದ ಕೂಗಿಗೆ ಪ್ರೊಫೆಸರೂ ಸುಂದರೇಶನೂ ಓಡಿ ಬಂದರು. ಆಮೇಲೆ ಮೇಜಿನ ಮೇಲಿದ್ದ ಗಾಜುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದೆವು. ಎಲ್ಲದರ ಅಂಚಿನಲ್ಲೂ ನನ್ನ ಹೆಬ್ಬೆಟ್ಟು, ರೇಖೆ ರೇಖೆಯೂ ಎಣಿಸುವ ಹಾಗೆ ಹೊಳೆಯುತ್ತಿತ್ತು. ಅರಿಶಿನಕ್ಕೆ ಯಾರೂ ಬಣ್ಣ ಹಾಕಬೇಕಾಗಿಲ್ಲ, ಅದು ಆ ನೀಲಿ ಬೆಳಕಿಗೆ ತಾನಾಗಿಯೇ ಹೊಳೆಯುವ ವಸ್ತು. ನಾನು ಎಷ್ಟೇ ಸೋಪು ಹಾಕಿ ಕೈ ತೊಳೆದರೂ ಚರ್ಮದಲ್ಲಿ ಇಳಿದದ್ದು ಉಳಿದು, ಮುಟ್ಟಿದ್ದಕ್ಕೆಲ್ಲ ಅಂಟುತ್ತಿತ್ತು.

ಸುಂದರೇಶ ಕ್ಷಮೆ ಕೇಳಿದ, ಅದು ಅವನ ದೊಡ್ಡತನ. ರಬ್ಬರ್ ಗವಸು ಹಾಕಿ ನೋಡಿದೆ, ಅದರ ಪುಡಿ ಉದುರಿ ಗಾಜಿನ ಮೇಲೆ ಕೂತಿತು, ಬೆರಳಿಗೆ ಹಿಡಿತವೇ ಸಿಗಲಿಲ್ಲ. ಪ್ರೊಫೆಸರು ನನ್ನನ್ನು ಕೂರಿಸಿಕೊಂಡು ಮೆಲ್ಲಗೆ ಹೇಳಿದರು, "ನಿನ್ನ ಕೈಯಷ್ಟು ಹದ ಇಲ್ಲಿ ಯಾರಿಗೂ ಇಲ್ಲ ಕಣಮ್ಮ. ಆದರೆ ಇಷ್ಟು ಹೆಂಗಸರು ನಂಬಿ ಬಾಯಿ ತೆರೆದು ಕೂತಿರುತ್ತಾರೆ. ದಸರಾ ರಜೆ ಮುಗಿಯುವ ತನಕ ನೋಡೋಣ. ಆಗಲೂ ಹೀಗೇ ಆದರೆ ಬಣ್ಣದ ಕೆಲಸ ಬೇರೆಯವರಿಗೆ ಕೊಡಬೇಕಾಗುತ್ತೆ. ನೀನು ಟೈಪು ಮಾಡಿಕೊಂಡಿರು."

ಟೈಪು! ಆ ಮಾತು ಕೇಳಿ ಅಳುವೇ ಬಂತು. ದಿನಾ ಮನೆಯಿಂದ ಹೊರಟು ಕಾಲೇಜಿನ ನಲ್ಲಿಯಲ್ಲಿ ನಿಂಬೆಹಣ್ಣು, ಹುಣಸೆಹಣ್ಣು, ಸೀಮೆಎಣ್ಣೆ, ಏನು ಸಿಕ್ಕಿತೋ ಅದರಲ್ಲಿ ಉಜ್ಜಿದೆ. ಚರ್ಮ ಕಿತ್ತು ಬಂತು, ಹಳದಿ ಹೋಗಲಿಲ್ಲ. ಗಂಡನಿಗೆ ಹೇಳಿದರೆ, "ಅವ್ವನ ಅರಿಶಿನಕ್ಕೂ ನಿಮ್ಮ ಪ್ರೊಫೆಸರಿಗೂ ಮಧ್ಯೆ ನನ್ನ ತಗಲಾಕಬೇಡ ಮಾರಾಯ್ತಿ, ಆ ಕರೆಂಟ್ ತಂತೀನೇ ವಾಸಿ" ಎಂದು ಜಾರಿಕೊಂಡರು.

ಒಂದು ಸಂಜೆ ಸೊಪ್ಪು ಬಿಡಿಸುವಾಗ ಅತ್ತೆ ನನ್ನ ಕೈ ಹಿಡಿದು ನೋಡಿದರು. "ಇದೇನವ್ವ ಇಂಗೆ ಕಿತ್ತೋಗದೆ?" ಎಂದರು. ಎಷ್ಟು ದಿನ ಮುಚ್ಚಿಡಲಿ? ಎಲ್ಲ ಹೇಳಿದೆ. ಅವರು ಸೊಪ್ಪಿನ ಕಂತೆಯನ್ನು ನೆಲಕ್ಕೆ ಬಡಿದು ಎದ್ದುನಿಂತರು.

"ಏನಂದೆ? ಅರಿಶಿನ ಬುಡ್ತೀಯಾ? ನನ್ ಮಗ ಅಲ್ಲಿ ತಂತಿ ಇಡ್ಕೊಂಡು ನೇತಾಡ್ತಿರ್ಬೇಕು, ನೀನಿಲ್ಲಿ ಬೋಳು ಕೈಯಲ್ಲಿ ಗಾಜು ತೊಳೀತಿರ್ಬೇಕಾ? ಯಾರೇ ಅವ್ನು ಅಂಗಂದೋನು? ಮೊದ್ಲು ಅವ್ನ ಎಂಡ್ತಿ ಕೈಲಿ ಅರಿಶಿನ ಬುಡ್ಸು ಅಂತೇಳು!"

"ನಾನು ಬಿಡ್ತೀನಿ ಅನ್ನಲಿಲ್ಲ ಅತ್ತೆ, ತೊಳೆದುಕೊಂಡೇ..."

"ತೊಳುದ್ರೆ ಓಗ್ತದೇನೆ ಅದು? ನಂಗೊತ್ತಿಲ್ವಾ ಅದು ಎಂಗ್ ಓಗಲ್ಲ ಅಂತ?"

ಅವತ್ತಿಂದ ಮಾತು ನಿಂತಿತು. ತಟ್ಟೆ ಇಡುವರು, ನೀರು ಇಡುವರು, ಮಾತಿಲ್ಲ. ಬಟ್ಟಲಲ್ಲಿ ಅರಿಶಿನ ಮಾತ್ರ ಮೊದಲಿಗಿಂತ ಗಟ್ಟಿಯಾಗಿ ಇರುತ್ತಿತ್ತು.

ದಸರಾ ರಜೆ ಮುಗಿದು ಕಾಲೇಜು ತೆರೆದ ದಿನ ಬೆಳಗ್ಗೆ ನಾನು ಬಣ್ಣದ ನೀರು ಸೋಸುತ್ತಿದ್ದೆ, ಬಾಗಿಲಲ್ಲಿ ಗಲಾಟೆ. ಕಾವಲಿನವನನ್ನು ಪಕ್ಕಕ್ಕೆ ಸರಿಸಿ ಅತ್ತೆ ಒಳಗೆ ಬಂದರು, ಸೆರಗಿನ ತುಂಬ ಒಲೆಮಣ್ಣು. ನನ್ನ ಕಡೆ ನೋಡಲೂ ಇಲ್ಲ. ನೆಟ್ಟಗೆ ಪ್ರೊಫೆಸರ ಮುಂದೆ ನಿಂತು, "ನೀವೇನಾ ಸ್ವಾಮಿ, ನನ್ ಸೊಸೆಗೆ ಅರಿಶಿನ ಬುಡು ಅಂದೋರು?" ಎಂದರು. ನೆಲ ಬಾಯಿ ಬಿಟ್ಟಿದ್ದರೆ ನಾನು ಒಳಗೆ ಇಳಿದುಬಿಡುತ್ತಿದ್ದೆ.

ಪ್ರೊಫೆಸರು ಎದ್ದುನಿಂತು ತಮ್ಮ ಕುರ್ಚಿ ಕೊಟ್ಟರು. "ಬಿಡು ಅನ್ನಲಿಲ್ಲ ತಾಯಿ. ಅದಿದ್ದರೆ ನನಗೆ ಕಾಣಬೇಕಾದ್ದು ಕಾಣೋದಿಲ್ಲ ಅಂದೆ. ನೀವೇ ನೋಡಿ, ಆಮೇಲೆ ಬೈಯಿರಿ" ಎಂದರು.

ಅತ್ತೆಯ ಕೆನ್ನೆಯನ್ನೇ ಕೆರೆದದ್ದಾಯಿತು. ಅವರೂ ಎಲೆಯಡಿಕೆ ಹಾಕುವವರೇ. ಕೈಯ ಮಣ್ಣು ತೊಳೆಸಿ, ಗಾಜನ್ನು ಅವರ ಕೈಗೇ ಕೊಟ್ಟು, ಹೇಗೆ ಸವರಬೇಕು, ಎಲ್ಲಿ ಅದ್ದಬೇಕು ಎಂದು ಪ್ರೊಫೆಸರು ಹೇಳಿಕೊಟ್ಟರು. ಅದರ ಪಕ್ಕದಲ್ಲೇ ಅದೇ ಕೆರೆತದಿಂದ ನಾನೊಂದು ಗಾಜು ಮಾಡಿದೆ. ಕತ್ತಲೆ ಕೋಣೆಗೆ ಹೋದೆವು. ಅತ್ತೆ ಸೆರಗು ಬಿಗಿದುಕೊಂಡು, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಇಟ್ಟರು. ಮೊದಲು ಇಟ್ಟದ್ದು ಅವರೇ ಮಾಡಿದ ಗಾಜು.

"ಅತ್ತೆ?"

"ಸುಮ್ಕಿರು." ಕಣ್ಣು ಕೀಳದೆ ಕೇಳಿದರು, "ಇದು ನಂದಾ?"

"ನಿಮ್ಮದೇ."

"ನನ್ ಬಾಯೊಳ್ಗೆ ಇದಿತ್ತಾ? ಇಷ್ಟೊಂದು ದೀಪ?"

ಅವು ಒಳ್ಳೆಯ ದೀಪಗಳು, ಕೆಂಪು ಹದವಾಗಿತ್ತು, ಹೆದರುವ ಹಾಗಿರಲಿಲ್ಲ. ಅದನ್ನು ಪ್ರೊಫೆಸರು ಹೇಳಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಆಮೇಲೆ ನನ್ನ ಗಾಜು ಇಟ್ಟರು. ಅದೇ ಬಾಯಿ, ಅದೇ ಬಣ್ಣ, ಬರೀ ಹಸಿರು ಮಂಜು. ಅತ್ತೆ ಎರಡನ್ನೂ ಬದಲಾಯಿಸಿ ಬದಲಾಯಿಸಿ ನೋಡಿದರು.

"ನಾನ್ ಮುಟ್ಟಿದ್ದು ಚೆನ್ನಾಗದೆ. ಕಲ್ತಿರೋಳು ಇವಳು, ಇವಳದ್ಯಾಕೆ ಕೆಡ್ತು?"

"ನಿಮ್ಮ ಕೈಯಲ್ಲಿ ಅರಿಶಿನ ಇಲ್ಲವಲ್ಲ ತಾಯಿ, ಅದಕ್ಕೆ" ಎಂದ ಪ್ರೊಫೆಸರು ತಕ್ಷಣ ನಾಲಿಗೆ ಕಚ್ಚಿಕೊಂಡರು.

ಅತ್ತೆ ಕತ್ತಲಲ್ಲಿ ತಮ್ಮ ಕೈಯನ್ನು ಆ ನೀಲಿ ಬೆಳಕಿಗೆ ಹಿಡಿದರು. ಏನೂ ಹೊಳೆಯಲಿಲ್ಲ. "ಇಲ್ಲ ಬುಡಿ. ಅದು ಓಗಿ ಬಾಳ ದಿನ ಆಯ್ತು" ಎಂದರು.

ಮನೆಯ ತನಕ ಇಬ್ಬರೂ ನಡೆದೇ ಬಂದೆವು. ರೈಲು ಹಳಿ ದಾಟಿದ ಮೇಲೆ ಅವರ ಬಾಯಿ ತೆರೆಯಿತು. "ಒಲೆಮಣ್ಣಿಗೆ ಎಣ್ಣೆ ಕೈ ಇಟ್ರೆ ಮಣ್ಣು ಕಚ್ಚಲ್ಲ, ಬೆಂಕಿಗಾಕಿದಾಗ ಸೀಳ್ಕೊತದೆ. ತಲೆಗೆ ಎಣ್ಣೆ ಇಟ್ಟ ದಿನ ನಾನ್ ಚೆಲುವನ್ನೂ ಅತ್ರ ಸೇರಿಸ್ತಿರ್ಲಿಲ್ಲ. ನೀನ್ ಮೊದ್ಲೇ ಅಂಗಂದಿದ್ರೆ ಆಗ್ತಿತ್ತು. ಮಂಜು, ಮಿಣುಕು ಅಂತೆಲ್ಲ ಏನೋ ಒದರ್ದೆ" ಎಂದು ನನ್ನನ್ನೇ ಬೈದರು. ಆ ಬೈಗುಳ ಎಷ್ಟು ಹಿತವಾಗಿತ್ತು ಅಂತ ಹೇಳಲಾರೆ.

ಮಾರನೆಯ ಬೆಳಗ್ಗೆ ಬಚ್ಚಲ ಗೂಡು ಖಾಲಿ. ಬಟ್ಟಲಿಲ್ಲ. ನಾನು ಕಣ್ಣು ಕಣ್ಣು ಬಿಡುತ್ತಾ ನಿಂತೆ. ಒಲೆಯ ಮುಂದಿನಿಂದಲೇ ಅತ್ತೆ ಹೇಳಿದರು, "ಅಣೆಗೆ ಕುಂಕುಮ ಕಡ್ಡೀಲಿಡು. ತಾಳೀನ ಅರಿಶಿನದ ದಾರದಿಂದ ತೆಗೆದು ಕರೀಮಣಿಗೆ ಏರಿಸ್ಕೊ. ಮುಖಕ್ಕೂ ಬ್ಯಾಡ, ಕೈಗೂ ಬ್ಯಾಡ."

"ಕಾಲಿಗಾದರೂ..."

"ಕಾಲಿಗೆ ಅಚ್ಚೋದು ಕಾಲಲ್ಲೇನಮ್ಮ? ಕೈಯಲ್ಲೇ ಅಲ್ವಾ? ಬ್ಯಾಡ ಅಂದ್ರೆ ಬ್ಯಾಡ."

ನಾನು ಅವರ ಬೆನ್ನಿಗೆ ತಲೆಯಿಟ್ಟು ಅತ್ತುಬಿಟ್ಟೆ. "ಸಾಕು ಬುಡು, ಒಲೆ ಆರೋಯ್ತದೆ" ಎಂದರು. ಆದರೆ ಆ ದಿನದಿಂದ ಸಂಜೆಯಾದರೆ ಸಾಕು, ಒಲೆಗೆ ಸೌದೆ ಇಡುವುದನ್ನೂ ಬಿಟ್ಟು ಬೀದಿಯ ತುದಿಗೆ ಹೋಗಿ ನಿಲ್ಲುತ್ತಿದ್ದರು. ಚೆಲುವರಾಜುವಿನ ಸೈಕಲ್ ಗಂಟೆ ಕೇಳಿದ ಮೇಲೇ ಒಳಗೆ ಬರುತ್ತಿದ್ದುದು. ಅವರು ಏನನ್ನು ಪಣಕ್ಕಿಟ್ಟು ನನ್ನ ಕೆಲಸ ಉಳಿಸಿದ್ದರೆಂದು ನನಗೆ ಗೊತ್ತಿತ್ತು. ಅವರಿಗೆ ಇದ್ದವನು ಒಬ್ಬನೇ ಮಗ.

ನನ್ನ ಕೈ ವಾಸಿಯಾಯಿತು. ಹಿನ್ನೆಲೆ ಮತ್ತೆ ಕಪ್ಪಾಯಿತು. ಬಣ್ಣದ ಕೆಲಸ ನನ್ನದೇ ಎಂದು ಪ್ರೊಫೆಸರು ಹೇಳಿದರು.

ಕಾರ್ತಿಕದಲ್ಲಿ ಜಡಿಮಳೆ ಹಿಡಿಯಿತು. ಒಂದು ಮಧ್ಯಾಹ್ನ ವಿಜಯನಗರದ ಕಡೆಯ ಹೊಲದ ಸಾಲಿನಲ್ಲಿ ಕಂಬ ಇಳಿಯುವಾಗ ಚೆಲುವರಾಜು ಕಾಲು ಜಾರಿ ಬಿದ್ದರು. ತೊಡೆಯ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಕಾಲಿಗೆ ಪ್ಲಾಸ್ಟರ್ ಕಟ್ಟಿ, ಪ್ರಾಣಕ್ಕೆ ಭಯವಿಲ್ಲ ಎಂದರು. ಅಲ್ಲಿ ಅತ್ತೆ ಒಂದು ಹನಿ ಕಣ್ಣೀರು ಹಾಕಲಿಲ್ಲ. ಬೆಂಚಿನ ಮೇಲೆ ಕೂತು ಗೋಡೆ ನೋಡುತ್ತಿದ್ದರು. ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ನಾನು ಕೆಲಸಕ್ಕೂ ಹೋಗಲಿಲ್ಲ.

ಗಂಡನನ್ನು ಮನೆಗೆ ಕರೆತಂದ ಮಾರನೆಯ ಬೆಳಗ್ಗೆ ಕೇರಿಯ ಹೆಂಗಸರೆಲ್ಲ ನೋಡಲು ಬಂದರು. ಮುಂದೆ ತಿಮ್ಮಮ್ಮ. ಅತ್ತೆಗಿಂತ ಹಿರಿಯರು, ಪಕ್ಕದ ಮನೆ, ಬಾಯಿ ಜೋರು. ಅವರ ಕೈಯಲ್ಲಿ ತೇದ ಅರಿಶಿನದ ಬಟ್ಟಲಿತ್ತು. "ನೋಡ್ದಾ ದೇವೀರಿ? ಮುತ್ತೈದೆ ಕೈ ಬೋಳು ಬುಟ್ರೆ ಇನ್ನೇನಾದಾತು? ದ್ಯಾವ್ರು ದೊಡ್ಡೋನು, ಕಾಲಿಗೇ ಬುಟ್ಟ. ಬಾ ಮಗ, ಚಾಚು ಕೈಯ. ಓಗ್ಲಿ ಆ ಗಾಜು, ಓಗ್ಲಿ ಆ ಕೆಲ್ಸ. ಗಂಡನ್ಗಿಂತಾನಾ?" ಎಂದರು.

ಒಳಗೆ ನನ್ನ ಗಂಡ ನೋವಿಗೆ ನರಳುತ್ತಿದ್ದರು. ನನಗೆ ಕತ್ತಲೆ ಕೋಣೆಯೂ ನೆನಪಾಗಲಿಲ್ಲ, ಪ್ರೊಫೆಸರೂ ನೆನಪಾಗಲಿಲ್ಲ. ಎರಡೂ ಕೈ ಚಾಚಿದೆ. ತಿಮ್ಮಮ್ಮ ಅರಿಶಿನದಲ್ಲಿ ಬೆರಳು ಅದ್ದಿದರು.

ಅಂಗಳದ ಮೂಲೆಯಲ್ಲಿ ಮಣ್ಣು ತುಳಿಯುತ್ತಿದ್ದ ಅತ್ತೆ ಬಂದು ನನ್ನ ಮುಂಗೈ ಗಟ್ಟಿಯಾಗಿ ಹಿಡಿದರು.

"ಬುಡು ತಿಮ್ಮಕ್ಕ, ಅವಳ ಕೈಯ."

"ನಿಂಗೇನ್ ತಲೆಗಿಲೆ ಕೆಟ್ಟದಾ? ಒಬ್ನೇ ಮಗ..."

"ಒಬ್ನೇ ಮಗ. ನಂಗೊತ್ತಿಲ್ವಾ?" ಅವರ ದನಿ ಏರಲಿಲ್ಲ. "ಚೆಲುವನ ಅಪ್ಪ ಗುಂಡಿಗಿಳ್ದ ದಿನ ಶುಕ್ರವಾರ. ಎಣ್ಣೆನೀರು ಉಯ್ಕೊಂಡು, ಮುಖಕ್ಕೆ, ಕೈಗೆ, ಕಾಲಿಗೆ ಅರಿಶಿನ ಬಳ್ಕೊಂಡಿದ್ದೆ. ನೀನೇ ತೇದುಕೊಟ್ಟಿದ್ದೆ. ಅವ್ರನ್ನ ತಂದು ಇದೇ ಅಂಗಳದಲ್ಲಿ ಮಲಗ್ಸಿದಾಗ ನನ್ ಕೈ ಇನ್ನೂ ಅಳದಿಯಾಗೇ ಇತ್ತು. ಆಮ್ಯಾಲೆ ನೀವೆಲ್ಲ ಸೇರಿ ಅದ ಉಜ್ಜಿ ಉಜ್ಜಿ ತೆಗುದ್ರಿ, ಓಗ್ಲಿಲ್ಲ, ಇಟ್ಟಿಗೆ ಪುಡೀಲಿ ಉಜ್ಜಿದ್ರಿ. ನಾನ್ ಒಂದಿನಾನೂ ತಪ್ಪಿಸಿರ್ಲಿಲ್ಲ ಕಣೇ ತಿಮ್ಮಕ್ಕ. ಒಂದಿನಾನೂ."

ತಿಮ್ಮಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡು ಬಟ್ಟಲನ್ನು ಮುಚ್ಚಿದರು.

ಅತ್ತೆ ನನ್ನ ಕೈ ಬಿಟ್ಟರು. "ನನ್ ಮಗನ್ನ ನಾನ್ ನೋಡ್ಕೊತೀನಿ. ನೀನ್ ಓಗು, ಅಲ್ಲಿ ಯಾರೋ ಬಾಯಿ ತಕ್ಕೊಂಡು ಕೂತಿರ್ತಾರೆ" ಎಂದರು. ನಾನು ಅವರ ಮಣ್ಣುಗಾಲು ಮುಟ್ಟಿ ನಮಸ್ಕಾರ ಮಾಡಿ, ಕೈ ತೊಳೆದುಕೊಂಡು, ಕೆಲಸಕ್ಕೆ ಹೋದೆ.